ಎಂಜಿನ್ ಕೆಲಸ ಮಾಡಿಸಿದ ಮೇಲೆ 1800 ಆರ್‌ಪಿಎಂಗೆ ಸ್ಟೇರಿಂಗ್ ನಡುಗುತ್ತಿದೆ, ಕ್ರ್ಯಾಂಕ್ ಬ್ಯಾಲೆನ್ಸಿಂಗ್ ಮಾಡಿಸಬೇಕಾ?

ಬೈಲಹೊಂಗಲ_ಕಬ್ಬು:

ಎಲ್ಲರಿಗೂ ನಮಸ್ಕಾರ. ನಮ್ಮದು ಬೈಲಹೊಂಗಲ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ 3 ಸಿಲಿಂಡರ್, 45 ಎಚ್‌ಪಿ ಟ್ರ್ಯಾಕ್ಟರ್ ಇದೆ, ಅಪ್ಪ ಕೊಂಡಿದ್ದು. ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರೇಲರ್ ಕಟ್ಟಿ ಫ್ಯಾಕ್ಟರಿಗೆ ಹೊಡೆಯುತ್ತೇವೆ, ಉಳಿದ ದಿನ ರಂಟೆ, ರೋಟಾವೇಟರ್.

ಹೋದ ಸೀಸನ್ ಮುಗಿಯುವ ಹೊತ್ತಿಗೆ ಆಯಿಲ್ ಪ್ರೆಶರ್ ಬಿತ್ತು. ನಡುವಿನ ಸಿಲಿಂಡರ್ ಕಡೆಯಿಂದ ಟಕ್ ಟಕ್ ಅಂತ ಸದ್ದು ಬೇರೆ. ಬಿಚ್ಚಿದರೆ 2ನೇ ನಂಬರ್ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಕಡೆಯದು) ಸವೆದು ತಾಮ್ರ ಕಾಣುತ್ತಿತ್ತು, ಆ ರಾಡ್ ಕೂಡ ಹಾಳಾಗಿತ್ತು. ಮಿಸ್ತ್ರಿ ಪೂರ್ತಿ ಕೆಲಸ ಮಾಡಿಬಿಡೋಣ ಅಂದರು. ಮೂರೂ ಲೈನರ್ ಪಿಸ್ಟನ್ ಸೆಟ್ ಹೊಸದು, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) 0.25 ಮಿ.ಮೀ. ಗ್ರೈಂಡಿಂಗ್, 2ನೇ ನಂಬರಿಗೆ ಹೊಸ ರಾಡ್, ಫ್ಲೈವೀಲ್ (ಕ್ರ್ಯಾಂಕ್ ಹಿಂದಿನ ಭಾರದ ಚಕ್ರ) ಮುಖ ಲೇಥ್‌ನಲ್ಲಿ ಸಾಫ್ ಮಾಡಿಸಿದ್ದು, ಕ್ಲಚ್ ಪ್ಲೇಟ್ ಮತ್ತು ಅದನ್ನು ಫ್ಲೈವೀಲ್‌ಗೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್ ಹೊಸದು.

ಈಗ ಸ್ಟಾರ್ಟಿಂಗ್ ಚೆನ್ನಾಗಿದೆ, ಹೊಗೆ ಇಲ್ಲ, ಎಳೆಯುವ ಶಕ್ತಿನೂ ಬಂದಿದೆ. ಆದರೆ 1400 ದಾಟಿದ ಮೇಲೆ ಒಂಥರಾ ನಡುಕ ಶುರುವಾಗುತ್ತೆ, 1700ರಿಂದ 1900ರ ನಡುವೆ ಸ್ಟೇರಿಂಗ್ ಹಿಡಿದ ಕೈ ಜುಂ ಅನ್ನುತ್ತೆ. ಒಂದು ತಾಸು ಓಡಿಸಿ ಇಳಿದರೆ ಬೆರಳು ಮರಗಟ್ಟಿರುತ್ತವೆ. ಡೀಸೆಲ್ ಟ್ಯಾಂಕಿನ ಪಟ್ಟಿ ಬೋಲ್ಟ್ ಎರಡು ಸಲ ತಾನಾಗೇ ಸಡಿಲಾಗಿದೆ. ಮೊದಲು ಹೀಗಿರಲಿಲ್ಲ.

ಹೊಸ ಎಂಜಿನ್ ಅಲ್ವಾ, 50 ತಾಸು ಓಡಿದರೆ ಸೆಟ್ ಆಗುತ್ತೆ ಅಂದರು ಮಿಸ್ತ್ರಿ. 60 ತಾಸು ಆಯಿತು, ಹಾಗೇ ಇದೆ. ಊರಲ್ಲಿ ಒಬ್ಬರು ಕ್ರ್ಯಾಂಕ್ ತೆಗೆದು ಬೆಳಗಾವಿಗೆ ಒಯ್ದು ಬ್ಯಾಲೆನ್ಸಿಂಗ್ (ಸುತ್ತ ತೂಕ ಸಮ ಮಾಡುವುದು) ಮಾಡಿಸು ಅಂತಾರೆ. ಕ್ರ್ಯಾಂಕ್ ತೆಗೆಯುವುದು ಅಂದರೆ ಇಡೀ ಎಂಜಿನ್ ಮತ್ತೆ ಬಿಚ್ಚಿದ ಹಾಗೆ. ಫ್ಯಾಕ್ಟರಿ ಶುರುವಾಗಲು ಇನ್ನು ಒಂದೂವರೆ ತಿಂಗಳು. ಟ್ರ್ಯಾಕ್ಟರ್‌ಗೆ ನಿಜವಾಗಲೂ ಬ್ಯಾಲೆನ್ಸಿಂಗ್ ಬೇಕಾ? ತಿಳಿದವರು ಹೇಳಿ.


ಗೋಕಾಕ_ಡೀಸೆಲ್:

ತಮ್ಮಾ, ಅವಸರ ಮಾಡಿ ಕ್ರ್ಯಾಂಕ್ ತೆಗೆಸಬೇಡ. 2000 ಆರ್‌ಪಿಎಂ ಮೇಲೆ ಓಡದ ಎಂಜಿನ್‌ಗೆ ಬ್ಯಾಲೆನ್ಸಿಂಗ್ ಯಾರೂ ಕೇಳುವುದಿಲ್ಲ, ನಾನು ಎಷ್ಟೋ ಟ್ರ್ಯಾಕ್ಟರ್ ಕಟ್ಟಿದ್ದೇನೆ, ಒಂದಕ್ಕೂ ಮಾಡಿಸಿಲ್ಲ. ಮೊದಲು ಮೂರು ಪರೀಕ್ಷೆ ಮಾಡು, ಖರ್ಚಿಲ್ಲ.

ನ್ಯೂಟ್ರಲ್‌ನಲ್ಲಿ ನಿಲ್ಲಿಸಿ 1800ಕ್ಕೆ ಏರಿಸು. ನಿಂತಲ್ಲೇ ನಡುಕ ಬಂದರೆ ಅದು ಎಂಜಿನ್‌ದು, ಚಕ್ರದ್ದಲ್ಲ. ಆಮೇಲೆ ಅದೇ ಆರ್‌ಪಿಎಂನಲ್ಲಿ ಕ್ಲಚ್ ಪೂರ್ತಿ ಒತ್ತಿ ನೋಡು, ನಡುಕ ಹೋದರೆ ಕ್ಲಚ್ ಪ್ಲೇಟ್ ಇಲ್ಲವೇ ಗೇರ್‌ಬಾಕ್ಸ್ ಶಾಫ್ಟ್ ಕಡೆ ನೋಡಬೇಕು. ಮೂರನೆಯದು, ಸ್ಲೋ ಸ್ಪೀಡಿನಲ್ಲಿ ಇಟ್ಟು ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸ್ವಲ್ಪ ಸಡಿಲಿಸು. ಪ್ರತಿ ಸಲ ಎಂಜಿನ್ ಒಂದೇ ರೀತಿ ಕುಗ್ಗಬೇಕು. ಯಾವುದಕ್ಕೆ ಕುಗ್ಗುವುದಿಲ್ಲವೋ ಆ ಸಿಲಿಂಡರ್ ಸರಿಯಾಗಿ ದುಡಿಯುತ್ತಿಲ್ಲ. ಬಟ್ಟೆ ಸುತ್ತಿಕೊಂಡು ಮಾಡು, ಮುಖ ದೂರ ಇರಲಿ. ಆ ಡೀಸೆಲ್ ಪಿಚಕಾರಿ ಚರ್ಮದೊಳಗೇ ಹೋಗುತ್ತೆ, ಕೈ ಅಡ್ಡ ಹಿಡಿಯಲೇಬೇಡ. ಇದನ್ನು ನಿಮ್ಮ ಮಿಸ್ತ್ರಿ ಕೈಯಲ್ಲೇ ಮಾಡಿಸಿದರೆ ಇನ್ನೂ ಒಳ್ಳೆಯದು.


ಬೈಲಹೊಂಗಲ_ಕಬ್ಬು:

ಅಣ್ಣಾ, ಇವತ್ತು ಬೆಳಿಗ್ಗೆ ಮಿಸ್ತ್ರಿ ಬಂದು ಮೂರೂ ಮಾಡಿದರು. ನಿಂತಲ್ಲೇ ನಡುಕ ಇದೆ. ಕ್ಲಚ್ ಒತ್ತಿದರೂ ಏನೂ ಫರಕ್ ಇಲ್ಲ. ಇಂಜೆಕ್ಟರ್ ಮೂರಕ್ಕೂ ಒಂದೇ ಥರ ಕುಗ್ಗಿತು.


ಉದ್ಯಮಬಾಗ್_ಗ್ರೈಂಡರ್:

ನಾನು ಬೆಳಗಾವಿ ಉದ್ಯಮಬಾಗ್‌ನಲ್ಲಿ ಕ್ರ್ಯಾಂಕ್ ಗ್ರೈಂಡಿಂಗ್ ಮೇಲೆ 20 ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವನು. ಬ್ಯಾಲೆನ್ಸಿಂಗ್ ಮಷಿನ್ ಮೇಲೂ ನಿಂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಈ ವಿಷಯದಲ್ಲಿ ಅರ್ಧ ಮಾತು ಹೇಳಿದರೆ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ.

ಗೋಕಾಕದ ಅಣ್ಣಾವ್ರು ಹೇಳಿದ ಪರೀಕ್ಷೆ ಮೂರೂ ಸರಿ. ಆದರೆ ಕಡಿಮೆ ಆರ್‌ಪಿಎಂಗೆ ಬ್ಯಾಲೆನ್ಸ್ ಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಧ್ಯದಿಂದ 50 ಮಿ.ಮೀ. ದೂರದಲ್ಲಿ 10 ಗ್ರಾಂ ಜಾಸ್ತಿ ಇದ್ದರೆ 2000 ಆರ್‌ಪಿಎಂನಲ್ಲಿ ಅದು ಸುಮಾರು 2.2 ಕೆಜಿ ಬಲದಿಂದ ಹೊರಗೆ ಎಳೆಯುತ್ತದೆ. ಅದೇ 10 ಗ್ರಾಂ ಕಾರಿನ ಎಂಜಿನ್‌ನಲ್ಲಿ 6000ಕ್ಕೆ ಹೋದರೆ 20 ಕೆಜಿ. ವೇಗ ಮೂರು ಪಟ್ಟು, ಎಳೆತ ಒಂಬತ್ತು ಪಟ್ಟು. ಅದಕ್ಕೇ ಕಾರಿಗೆ ಗ್ರಾಂ ಲೆಕ್ಕ, ಟ್ರ್ಯಾಕ್ಟರ್‌ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಟ್ರ್ಯಾಕ್ಟರ್‌ನ ಭಾಗಗಳೂ ದೊಡ್ಡವು, ತಪ್ಪಾದರೆ ಆ ತಪ್ಪೂ ದೊಡ್ಡದೇ. ಇನ್ನೊಂದು, ಕಾರಿನ ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ. ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ನೇ ಚಾಸಿ, ಹಿಂದೆ ಗೇರ್‌ಬಾಕ್ಸ್‌ಗೆ ನೇರ ಬೋಲ್ಟ್. ಒಳಗಿನ ನಡುಕ ತಡೆಯುವವರು ಯಾರೂ ಇಲ್ಲ, ಸೀದಾ ನಿಮ್ಮ ಕೈಗೆ ಬರುತ್ತದೆ.

ಕ್ಲಚ್ ಒತ್ತಿದಾಗ ಫರಕ್ ಇಲ್ಲ ಅಂದಿರಿ. ಅಂದರೆ ಕ್ಲಚ್ ಪ್ಲೇಟ್, ಗೇರ್‌ಬಾಕ್ಸ್ ಶಾಫ್ಟ್ ಬಿಟ್ಟುಬಿಡಿ. ಆದರೆ ಪ್ರೆಶರ್ ಪ್ಲೇಟ್ ಬಿಡಬೇಡಿ. ಅದು ಫ್ಲೈವೀಲ್‌ಗೆ ಬೋಲ್ಟ್ ಆಗಿರುವುದು, ನೀವು ಕ್ಲಚ್ ಒತ್ತಿದರೂ ಬಿಟ್ಟರೂ ಕ್ರ್ಯಾಂಕ್ ಜೊತೆ ತಿರುಗುತ್ತಲೇ ಇರುತ್ತದೆ. ಹಾಗಾಗಿ ಈಗ ಸಂಶಯ ಇರುವುದು ಕ್ರ್ಯಾಂಕ್, ರಾಡ್, ಪಿಸ್ಟನ್, ಮುಂದಿನ ಪುಲ್ಲಿ, ಫ್ಲೈವೀಲ್, ಪ್ರೆಶರ್ ಪ್ಲೇಟ್ ಮೇಲೆ.

ಕ್ರ್ಯಾಂಕ್ ಮೇಲೆ ನನಗೆ ಅಷ್ಟು ಸಂಶಯ ಇಲ್ಲ. ಕಾರಣ ಹೇಳುತ್ತೇನೆ. ಕಂಪನಿಯಿಂದ ಬರುವಾಗಲೇ ಅದು ಬ್ಯಾಲೆನ್ಸ್ ಆಗಿ ಬಂದಿರುತ್ತದೆ, ಕೌಂಟರ್‌ವೇಟ್ (ಎದುರು ತೂಕದ ಗಡ್ಡೆ) ಮೇಲೆ ಡ್ರಿಲ್ ಹೊಡೆದ ಕುಳಿ ನೋಡಿರುತ್ತೀರಿ, ಅದೇ. 0.25 ಗ್ರೈಂಡಿಂಗ್‌ನಲ್ಲಿ ಜರ್ನಲ್ (ಬೇರಿಂಗ್ ಕೂರುವ ದುಂಡು ಭಾಗ) ಸುತ್ತ ಒಂದೇ ಸಮ ತೆಗೆದರೆ ಬ್ಯಾಲೆನ್ಸ್ ಹೆಚ್ಚು ಕೆಡುವುದಿಲ್ಲ. ಕ್ರ್ಯಾಂಕ್ ಬಾಗಿದ್ದರೆ, ಅಥವಾ ಗ್ರೈಂಡಿಂಗ್‌ಗೆ ಕೂರಿಸುವಾಗ ಥ್ರೋ ಅಳತೆ (ನಡುವಿನಿಂದ ಪಿನ್ ಇರುವ ದೂರ) ತಪ್ಪಿದರೆ ಕೆಡುತ್ತದೆ.

ನಮ್ಮಲ್ಲಿ ಕ್ರ್ಯಾಂಕ್ ಬಂದರೆ ಹೇಗೆ ನೋಡುತ್ತಿದ್ದೆವು ಹೇಳುತ್ತೇನೆ, ಮುಂದೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಮೊದಲ ಕೆಲಸ ಆಯಿಲ್ ಗ್ಯಾಲರಿ ಪ್ಲಗ್ ಬಿಚ್ಚಿ ತೊಳೆಯುವುದು. ಆ ಪ್ಲಗ್ ಹಿಂದೆ ಕರಿ ಮೇಣದ ಹಾಗೆ ಕೆಸರು ಕೂತಿರುತ್ತದೆ, ಬೆರಳು ಹಾಕಿದರೆ ಮರಳಿನ ಹಾಗೆ ಸಿಗುತ್ತದೆ, ಬೇರಿಂಗ್‌ನ ಪುಡಿ ಅದು. ತೊಳೆಯದೆ ಹಾಕಿದರೆ ಹೊಸ ಬೇರಿಂಗ್ ಮೊದಲ ದಿನವೇ ಗೀರು ಬೀಳುತ್ತದೆ. ಆಮೇಲೆ ಕ್ರ್ಯಾಂಕನ್ನು ಹಗ್ಗಕ್ಕೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ಒಂದು ಏಟು. ಫೋರ್ಜಿಂಗ್ ಕ್ರ್ಯಾಂಕ್ ಒಳ್ಳೆಯದಿದ್ದರೆ ಗುಡಿ ಗಂಟೆ ಹಾಗೆ ಟಣ್ ಅಂದು ಸದ್ದು ಎಳೆಯುತ್ತದೆ, ಬಿರುಕಿದ್ದರೆ ಥಪ್ ಅಂದು ಅಲ್ಲೇ ಸಾಯುತ್ತದೆ. ಇಷ್ಟಕ್ಕೇ ನಂಬುತ್ತಿರಲಿಲ್ಲ, ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಕೂಡ ಮಾಡುತ್ತಿದ್ದೆವು. ನಂತರ ವಿ ಬ್ಲಾಕ್ ಮೇಲೆ ಇಟ್ಟು ನಡುವಿನ ಮೇನ್ ಜರ್ನಲ್ ಮೇಲೆ ಡಯಲ್ (ಸಣ್ಣ ಏರಿಳಿತ ಅಳೆಯುವ ಮುಳ್ಳಿನ ಗೇಜ್) ಕೂರಿಸಿ ತಿರುಗಿಸಿ ಬಾಗು ನೋಡುವುದು. ಇಷ್ಟೆಲ್ಲ ಆದ ಮೇಲೆ ಗ್ರೈಂಡಿಂಗ್. ಬ್ಯಾಲೆನ್ಸಿಂಗ್ ಕೊನೆಗೆ.

ಮಷಿನ್ ಮೇಲೆ ಎರಡು ತೊಟ್ಟಿಲು ಇರುತ್ತವೆ, ಎರಡಕ್ಕೂ ಸೆನ್ಸರ್. ಕ್ರ್ಯಾಂಕ್ ತಿರುಗಿಸಿದರೆ ಎಡಗಡೆ ಎಷ್ಟು ಗ್ರಾಂ ಯಾವ ಕೋನದಲ್ಲಿ, ಬಲಗಡೆ ಎಷ್ಟು ಯಾವ ಕೋನದಲ್ಲಿ ಅಂತ ತೋರಿಸುತ್ತದೆ. ಹೊಸಬರು ತೋರಿಸಿದಷ್ಟೂ ಒಂದೇ ಸಲ ಡ್ರಿಲ್ ಹೊಡೆದುಬಿಡುತ್ತಾರೆ. 12 ಮಿ.ಮೀ. ಡ್ರಿಲ್‌ನಲ್ಲಿ 10 ಮಿ.ಮೀ. ಆಳ ಹೋದರೆ ಹೆಚ್ಚುಕಡಿಮೆ 9 ಗ್ರಾಂ ಉಕ್ಕು ಬರುತ್ತದೆ, ಇದು ಬಾಯಿಪಾಠ ಇರಬೇಕು. ಬೇಕಾದ್ದಕ್ಕಿಂತ ಕಡಿಮೆ ಹೊಡೆದು, ಮತ್ತೆ ತಿರುಗಿಸಿ, ಮತ್ತೆ ಸ್ವಲ್ಪ. ತೆಗೆದ ಉಕ್ಕನ್ನು ವಾಪಸ್ ಹಾಕಲು ಬರುವುದಿಲ್ಲ. ಕೊನೆಗೆ ಇನ್ನೊಂದು ಸಲ ತೊಳೆಯಬೇಕು, ಡ್ರಿಲ್ ಚೂರು ಆಯಿಲ್ ತೂತಿನಲ್ಲಿ ಕೂತಿದ್ದರೆ ಇಷ್ಟೂ ಮಾಡಿದ್ದು ದಂಡ.

ಈಗ ನಿಮ್ಮ ವಿಷಯ. ನೀವು ಒಂದೇ ರಾಡ್ ಬದಲಿಸಿದ್ದೀರಿ. ಅದರ ತೂಕ ಯಾರಾದರೂ ನೋಡಿದರಾ? ಕಂಪನಿಗಳು ರಾಡ್‌ಗಳನ್ನು ತೂಕದ ಪ್ರಕಾರ ಗುಂಪು ಮಾಡಿ ಅಕ್ಷರವನ್ನೋ ಬಣ್ಣವನ್ನೋ ಹಾಕಿರುತ್ತಾರೆ. ಅದು ನೋಡದೆ ಒಂದೇ ರಾಡ್ ತಂದರೆ ಮೂವರಲ್ಲಿ ಒಬ್ಬ ದಪ್ಪ ಆಗುತ್ತಾನೆ. ಹಳೆಯ ರಾಡ್ ಮನೆಯಲ್ಲಿ ಇದ್ದರೆ ತೂಕ ಮಾಡಿ. ಹೊಸದು ತಂದ ಅಂಗಡಿಗೆ ಹೋಗಿ ಅದೇ ಗುರುತಿನ ಇನ್ನೊಂದು ರಾಡ್ ತೂಕ ಮಾಡಿ. ಕಿರಾಣಿ ಅಂಗಡಿಯ ಡಿಜಿಟಲ್ ಕಾಟಾ ಸಾಕು. ಬೇರಿಂಗ್ ಬಿಟ್ಟು, ಬೋಲ್ಟ್ ಮತ್ತು ಕ್ಯಾಪ್ ಸಮೇತ ನೋಡಿ.


ಮುಧೋಳ_ರೈತ:

ಗ್ರೈಂಡರ್ ಸಾಹೇಬರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಟ್ರ್ಯಾಕ್ಟರ್ ಕ್ರ್ಯಾಂಕ್ ಒಂದು ಕಡೆ ಗ್ರೈಂಡಿಂಗ್‌ಗೆ ಕೊಟ್ಟಿದ್ದೆ. ನೋಡಲು ಕನ್ನಡಿ ಹಾಗೆ ಹೊಳೆಯುತ್ತಿತ್ತು, ಖುಷಿಯಾಗಿ ತಂದೆ. ನಾಲ್ಕನೇ ತಿಂಗಳು, ತುಂಬಿದ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಕ್ರ್ಯಾಂಕ್ ಎರಡು ತುಂಡು. ಬ್ಲಾಕ್ ಕೂಡ ಹೋಯಿತು. ತಮ್ಮ ಪಕ್ಕದಲ್ಲೇ ಕೂತಿದ್ದ, ಅವನಿಗೆ ಏನೂ ಆಗಲಿಲ್ಲ, ಅದೇ ದೊಡ್ಡದು.

ಮುರಿದ ಮುಖ ನಾನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಮೂಲೆಯಿಂದ ಶುರುವಾಗಿ ಕಪ್ಪೆಚಿಪ್ಪಿನ ಮೇಲೆ ಇರುತ್ತವಲ್ಲ, ಆ ಥರ ಸಣ್ಣ ಸಣ್ಣ ಬಿಲ್ಲಿನ ಗೆರೆ. ಮುಕ್ಕಾಲು ಭಾಗ ನುಣುಪು, ಉಳಿದದ್ದು ಒರಟು. ತೋರಿಸಿದಾಗ ಒಬ್ಬ ಹಿರಿಯರು ಹೇಳಿದರು, ಜರ್ನಲ್ ಮುಗಿದು ಕೆನ್ನೆ (ಪಕ್ಕದ ತೋಳು) ಶುರುವಾಗುವ ಜಾಗದಲ್ಲಿ ದುಂಡಗೆ ರೇಡಿಯಸ್ ಇರಬೇಕು, ಇಲ್ಲಿ ಗ್ರೈಂಡಿಂಗ್ ಕಲ್ಲಿನ ಮೂಲೆ ಡ್ರೆಸ್ ಮಾಡದೆ ಚೂಪಾಗಿ ಕಡಿದಿದ್ದಾರೆ, ಬಿರುಕು ಅಲ್ಲಿಂದಲೇ ಹೊರಟಿದೆ ಅಂತ. ದಿನಾ ಸ್ವಲ್ಪ ಸ್ವಲ್ಪ ಬಿರುಕು ಬಿಡುತ್ತಾ ಬಂದಿತ್ತು, ನಮಗೆ ಗೊತ್ತೇ ಆಗಲಿಲ್ಲ. ಆಗ ನಡುಕ ಇತ್ತಾ ಅಂದರೆ, ಇರಲಿಲ್ಲ. ಹಾಗಾಗಿ ನಡುಕ ಒಂದನ್ನೇ ನೋಡಬೇಡಿ ಅಂತ ಹೇಳುತ್ತಿದ್ದೇನೆ. ಗ್ರೈಂಡಿಂಗ್ ಆದ ಕ್ರ್ಯಾಂಕ್ ತರುವಾಗ ಆ ಮೂಲೆಯಲ್ಲಿ ಉಗುರು ಆಡಿಸಿ ನೋಡಿ.


ಉದ್ಯಮಬಾಗ್_ಗ್ರೈಂಡರ್:

ಮುಧೋಳದವರು ಹೇಳಿದ್ದು ನೂರಕ್ಕೆ ನೂರು ನಿಜ. ರೇಡಿಯಸ್ ಗೇಜ್ ಇಟ್ಟು ಕಂಪನಿ ಎಷ್ಟು ಹೇಳಿದೆಯೋ ಅಷ್ಟೇ ಬರುವ ಹಾಗೆ ಕಲ್ಲನ್ನು ವಜ್ರದಿಂದ ಡ್ರೆಸ್ ಮಾಡಬೇಕು, ಅದಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಆ ಹತ್ತು ನಿಮಿಷ ಉಳಿಸಲು ಹೋದವರು ಇಂಥದ್ದನ್ನು ಮಾಡುತ್ತಾರೆ. ಮೈ ಗಟ್ಟಿ ಮಾಡಲು ನೈಟ್ರೈಡಿಂಗ್ ಮಾಡಿದ ಕ್ರ್ಯಾಂಕ್ ಆದರೆ ಇನ್ನೂ ಎಚ್ಚರ ಬೇಕು, ಆ ಗಟ್ಟಿ ಪದರ ಅರ್ಧ ಮಿ.ಮೀ.ಗಿಂತ ಕಡಿಮೆ, ಎರಡು ಮೂರು ಸಲ ಗ್ರೈಂಡಿಂಗ್ ಆದರೆ ಪದರವೇ ಹೋಗಿಬಿಡುತ್ತದೆ.


ಶಹಾಪುರ_ಬುಲೆಟ್:

ನಾನು ಟ್ರ್ಯಾಕ್ಟರ್ ಮಂದಿ ಅಲ್ಲ, ಹಳೆಯ ಕಾಸ್ಟ್ ಐರನ್ ಬುಲೆಟ್ 350 ಕಟ್ಟುತ್ತೇನೆ. 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, 346 ಸಿಸಿ, ಒಂದೇ ಪಿಸ್ಟನ್. ಅದರ ಕ್ರ್ಯಾಂಕ್ ಒಂದೇ ತುಂಡಲ್ಲ, ಎರಡು ಫ್ಲೈವೀಲ್ ನಡುವೆ ಪಿನ್ ಹಾಕಿ ನಟ್ ಬಿಗಿದದ್ದು. ಬಿಗಿದ ಮೇಲೆ ಎರಡೂ ಶಾಫ್ಟ್ ಒಂದೇ ಗೆರೆಗೆ ಬರಬೇಕು. ಡಯಲ್ ಇಟ್ಟು ತಿರುಗಿಸುವುದು, ಎತ್ತರ ಬಂದ ಕಡೆ ತಾಮ್ರದ ಸುತ್ತಿಗೆಯಿಂದ ಹೊಡೆಯುವುದು, ಮತ್ತೆ ತಿರುಗಿಸುವುದು. ನಾನು 0.02 ಮಿ.ಮೀ. ಒಳಗೆ ಬರುವ ತನಕ ಬಿಡುವುದಿಲ್ಲ, ಕೆಲವೊಮ್ಮೆ ಇಡೀ ಮಧ್ಯಾಹ್ನ ಹೋಗುತ್ತದೆ.

ನನ್ನ ಅನುಭವದಲ್ಲಿ "ಬ್ಯಾಲೆನ್ಸ್ ಹೋಗಿದೆ" ಅಂತ ಬಂದ ಗಾಡಿಗಳಲ್ಲಿ ಹೆಚ್ಚಿನವು ಈ ಗೆರೆ ತಪ್ಪಿದವು. ಒಂದೇ ಪಿಸ್ಟನ್ ಎಂಜಿನ್‌ಗೆ ಪೂರ್ತಿ ಬ್ಯಾಲೆನ್ಸ್ ಅನ್ನುವುದೇ ಇಲ್ಲ. ಮೇಲೆ ಕೆಳಗೆ ಓಡಾಡುವ ತೂಕದಲ್ಲಿ ಸುಮಾರು ಅರ್ಧ ಅಥವಾ ಸ್ವಲ್ಪ ಜಾಸ್ತಿಗೆ ಎದುರು ತೂಕ ಕೊಡುತ್ತಾರೆ, ನೂರಕ್ಕೆ ನೂರು ಕೊಟ್ಟರೆ ಮೇಲೆ ಕೆಳಗೆ ಕುಣಿಯುವುದು ನಿಂತು ಹಿಂದೆ ಮುಂದೆ ಕುಣಿಯಲು ಶುರುಮಾಡುತ್ತದೆ. ಲೆಕ್ಕ ಸುಲಭ. ಪಿಸ್ಟನ್, ರಿಂಗ್, ಪಿನ್, ಸರ್ಕ್ಲಿಪ್, ರಾಡಿನ ಮೇಲಿನ ತುದಿ ಎಲ್ಲ ಸೇರಿ 600 ಗ್ರಾಂ ಅಂದುಕೊಳ್ಳಿ, 60 ಪರ್ಸೆಂಟ್ ಅಂದರೆ 360. ರಾಡಿನ ತುದಿ ಈಗಾಗಲೇ 150 ಇದ್ದರೆ ಇನ್ನು 210 ಗ್ರಾಂ ಅದಕ್ಕೆ ನೇತುಹಾಕಿ, ಕ್ರ್ಯಾಂಕನ್ನು ಲೆವೆಲ್ ಮಾಡಿದ ಎರಡು ಪಟ್ಟಿಗಳ ಮೇಲೆ ಉರುಳಲು ಬಿಡಿ. ಎಲ್ಲಿ ಬಿಟ್ಟರೆ ಅಲ್ಲೇ ನಿಂತರೆ ಸರಿ.

ನಿಮ್ಮದು ಮೂರು ಸಿಲಿಂಡರ್, ಲೆಕ್ಕ ಬೇರೆ. ಆದರೂ ಗೆರೆ ತಪ್ಪಿದ ಭಾಗ ಇದೆಯಾ ಅಂತ ಮೊದಲು ನೋಡಿ ಅಂತ ನನ್ನ ಅಭಿಪ್ರಾಯ.


ವಿಜಯಪುರ_ಮೇಷ್ಟ್ರು:

ಮೂರು ಸಿಲಿಂಡರ್ ಲೆಕ್ಕ ನಾನು ಹೇಳುತ್ತೇನೆ, ಪಾಲಿಟೆಕ್ನಿಕ್ ಮಕ್ಕಳಿಗೆ ಇದನ್ನೇ ಕಲಿಸುತ್ತೇನೆ. ಮೂರು ಕ್ರ್ಯಾಂಕ್‌ಪಿನ್‌ಗಳು 120 ಡಿಗ್ರಿ ಅಂತರದಲ್ಲಿ ಇರುತ್ತವೆ. ಮೂರೂ ಕಡೆ ತೂಕ ಒಂದೇ ಇದ್ದರೆ ಮೇಲೆ ಕೆಳಗಿನ ಬಲಗಳು ಒಂದನ್ನೊಂದು ಕಳೆದುಕೊಂಡು ಒಟ್ಟು ಸೊನ್ನೆ ಆಗುತ್ತವೆ. ಆದರೆ ಅವು ಒಂದೇ ಜಾಗದಲ್ಲಿ ಇಲ್ಲ, ಒಂದು ಮುಂದಿದೆ ಒಂದು ಹಿಂದಿದೆ. ನೊಗದ ಎರಡು ತುದಿಯನ್ನು ಒಬ್ಬ ಮುಂದಕ್ಕೆ, ಇನ್ನೊಬ್ಬ ಹಿಂದಕ್ಕೆ ಅಷ್ಟೇ ಜೋರಿನಲ್ಲಿ ಎಳೆದರೆ ನೊಗ ಎತ್ತಲೂ ಹೋಗುವುದಿಲ್ಲ, ನಿಂತಲ್ಲೇ ತಿರುಗುತ್ತದೆ ಅಲ್ವಾ? ಹಾಗೆ ಈ ಎಂಜಿನ್ ತನ್ನ ನಡುವಿನ ಸುತ್ತ ಮೂಗು ಎತ್ತಿ ಇಳಿಸಿ ಮಾಡುತ್ತಲೇ ಇರುತ್ತದೆ. ಅಷ್ಟು ನಡುಕ ಹುಟ್ಟುಗುಣ, ಹೋಗುವುದಿಲ್ಲ. ಸಾಲಿನಲ್ಲಿ ಆರು ಸಿಲಿಂಡರ್ ಇರುವ ಎಂಜಿನ್‌ನಲ್ಲಿ ಈ ತಿರುಚೂ ಕಳೆದುಹೋಗುತ್ತದೆ, ಅದಕ್ಕೇ ಅದು ಅಷ್ಟು ಮೃದು.

ಇದರಿಂದ ಇನ್ನೊಂದು ಮಾತು. ಮುಂದೆ ಯಾವಾಗಾದರೂ ಈ ಕ್ರ್ಯಾಂಕ್ ಮಷಿನ್ ಮೇಲೆ ಹಾಕಿಸಿದರೆ, ಪಿನ್‌ಗಳ ಮೇಲೆ ಬಾಬ್‌ವೇಟ್ (ರಾಡ್, ಪಿಸ್ಟನ್ ಬದಲು ಕಟ್ಟುವ ತೂಕ) ಬೇಕಾ ಅಂತ ಕೇಳಿ. ಸಾಲಿನ 4, 6 ಸಿಲಿಂಡರ್ ಕ್ರ್ಯಾಂಕ್ ಬರಿದೇ ತಿರುಗಿಸಿದರೆ ನಡೆಯುತ್ತದೆ. 3 ಸಿಲಿಂಡರ್‌ಗೂ ವಿ ಎಂಜಿನ್‌ಗೂ ಅದೇ ಮಾತು ಹೇಳಲು ಬರುವುದಿಲ್ಲ.

ಎಷ್ಟು ತಪ್ಪನ್ನು ಒಪ್ಪಬಹುದು ಅನ್ನುವುದಕ್ಕೆ ಐಎಸ್‌ಒ ದರ್ಜೆಗಳಿವೆ, ಮೊದಲು 1940 ಅನ್ನುವ ನಂಬರ್ ಇತ್ತು, ಈಗ 21940. ಕೃಷಿ ಯಂತ್ರಗಳನ್ನು ಜಿ 16 ದರ್ಜೆಯಲ್ಲಿ ಇಟ್ಟಿದ್ದಾರೆ. 2000 ಆರ್‌ಪಿಎಂಗೆ ಅದು ಒಂದು ಕೆಜಿಗೆ ಸುಮಾರು 76 ಗ್ರಾಂ-ಮಿ.ಮೀ. (ಜಾಸ್ತಿ ಇರುವ ತೂಕಕ್ಕೆ ನಡುವಿನಿಂದ ಅದರ ದೂರ ಗುಣಿಸಿದ್ದು). ಅಂದರೆ ತಿರುಗುವ ಭಾಗ 25 ಕೆಜಿ ಇದ್ದರೆ ಒಟ್ಟು 1900 ಗ್ರಾಂ-ಮಿ.ಮೀ. ತನಕ ನಡೆಯುತ್ತದೆ. ನೀವು ರಾಡಿನ ತೂಕ ತಂದ ಮೇಲೆ ಇದಕ್ಕೆ ಹೋಲಿಸೋಣ. ನಿಮ್ಮ ಎಂಜಿನ್ ಸ್ಟ್ರೋಕ್ ಎಷ್ಟು ಅಂತಲೂ ಹೇಳಿ.


ಬೈಲಹೊಂಗಲ_ಕಬ್ಬು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ನನಗೆ ಯಾರೂ ಹೇಳಿರಲಿಲ್ಲ. ಸ್ಟ್ರೋಕ್ 110 ಮಿ.ಮೀ. ಅಂತ ಪುಸ್ತಕದಲ್ಲಿದೆ.

ಹಳೆಯ ಭಾಗಗಳನ್ನೆಲ್ಲ ಮಿಸ್ತ್ರಿ ಒಂದು ಪಿಸ್ಟನ್ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು, ಅಟ್ಟದ ಮೇಲಿತ್ತು. ಹಳೆಯ ರಾಡ್ ತೆಗೆದು ಕಿರಾಣಿ ಅಂಗಡಿ ಕಾಟಾದಲ್ಲಿ ಇಟ್ಟೆ, 1686 ಗ್ರಾಂ ಬಂತು. ಬೈಲಹೊಂಗಲದ ಸ್ಪೇರ್ಸ್ ಅಂಗಡಿಯಲ್ಲಿ ಅದೇ ಗುರುತಿನ ಹೊಸ ರಾಡ್ 1720. ಹಳೆಯದರ ಮೇಲೆ ಬೇರೆ ಅಕ್ಷರ, ಹೊಸದರ ಮೇಲೆ ಬೇರೆ ಅಕ್ಷರ, ನೀವು ಹೇಳಿದ್ದು ಸರಿ ಇದೆ. 34 ಗ್ರಾಂ ವ್ಯತ್ಯಾಸ. ಹಾಗಾದರೆ ಇದೇ ಕಾರಣ ಅಲ್ವಾ?

ಡಬ್ಬಿಯಲ್ಲಿ ಇನ್ನೇನಿದೆ ಅಂತಲೂ ಬರೆದುಬಿಡುತ್ತೇನೆ. ಮೂರು ಹಳೆಯ ಪಿಸ್ಟನ್, ಬೇರಿಂಗ್ ಚಿಪ್ಪುಗಳು, ಹಳೆಯ ಕ್ಲಚ್ ಪ್ಲೇಟ್, ಒಂದಷ್ಟು ವಾಷರ್, ಆಮೇಲೆ ಎರಡು ಸಣ್ಣ ಉಕ್ಕಿನ ಪಿನ್, ಕಿರುಬೆರಳಿನಷ್ಟು ದಪ್ಪ, ಒಂದು ಇಂಚೂ ಉದ್ದ ಇಲ್ಲ, ಒಂದು ತುದಿ ಸ್ವಲ್ಪ ಹೊಳಪಿದೆ.


ವಿಜಯಪುರ_ಮೇಷ್ಟ್ರು:

34 ಗ್ರಾಂ ಪೂರ್ತಿ ಬಿಗ್ ಎಂಡ್ ಕಡೆಗೇ ಇದೆ ಅಂತ ಇಟ್ಟುಕೊಂಡರೂ 34ಕ್ಕೆ ಸ್ಟ್ರೋಕಿನ ಅರ್ಧ 55 ಗುಣಿಸಿದರೆ 1870 ಗ್ರಾಂ-ಮಿ.ಮೀ. 2000 ಆರ್‌ಪಿಎಂನಲ್ಲಿ ಸುಮಾರು 8 ಕೆಜಿ ಬಲ. ಒಂದು ರಾಡಿನ ತಪ್ಪೇ ನಾನು ಮೇಲೆ ಹೇಳಿದ ಮಿತಿಯನ್ನು ತಿಂದುಹಾಕಿತು, ಹಾಗಾಗಿ ಸಣ್ಣದಲ್ಲ. ಆದರೆ ಕೈ ಮರಗಟ್ಟುವಷ್ಟು, ಟ್ಯಾಂಕ್ ಬೋಲ್ಟ್ ಸಡಿಲಾಗುವಷ್ಟು ನಡುಕಕ್ಕೆ ಇದೊಂದೇ ಕಾರಣ ಅಂತ ನನಗೆ ಅನ್ನಿಸುತ್ತಿಲ್ಲ.


ಉದ್ಯಮಬಾಗ್_ಗ್ರೈಂಡರ್:

ತಮ್ಮಾ, ಆ ಎರಡು ಪಿನ್ ಎಲ್ಲೂ ಬಿಸಾಡಬೇಡ! ಅವು ಫ್ಲೈವೀಲ್‌ನ ಡವೆಲ್ ಇರಬೇಕು.

ಫ್ಲೈವೀಲ್ ಮುಖ ಲೇಥ್‌ನಲ್ಲಿ ತೆಗೆಯಬೇಕಾದರೆ ಡವೆಲ್ ಎದ್ದಿರುತ್ತವೆ, ಟೂಲ್‌ಗೆ ಅಡ್ಡ ಬರುತ್ತವೆ, ಅದಕ್ಕೆ ಮೊದಲು ಹೊರಗೆ ತೆಗೆಯುತ್ತಾರೆ. ಕೆಲಸ ಆದ ಮೇಲೆ ವಾಪಸ್ ಹೊಡೆಯಬೇಕು. ಮರೆತು ಹಳೆಯ ಭಾಗಗಳ ಜೊತೆ ಕೊಟ್ಟಿದ್ದಾರೆ ಅಂತ ಕಾಣುತ್ತದೆ. ಪ್ರೆಶರ್ ಪ್ಲೇಟನ್ನು ನಡುವಿಗೆ ತರುವುದು ಆ ಡವೆಲ್‌ಗಳೇ. ಬೋಲ್ಟ್‌ಗಳ ಕೆಲಸ ಬಿಗಿ ಹಿಡಿಯುವುದು ಮಾತ್ರ, ಅವುಗಳ ತೂತಿನಲ್ಲಿ ಸಡಿಲ ಇದ್ದೇ ಇರುತ್ತದೆ. ಡವೆಲ್ ಇಲ್ಲದೆ ಬಿಗಿದರೆ ಅಷ್ಟು ಭಾರದ ಪ್ರೆಶರ್ ಪ್ಲೇಟ್ ಕೆಳಗೆ ಜೋತುಬಿದ್ದ ಕಡೆಗೇ ಕೂತುಬಿಡುತ್ತದೆ.

ಕ್ರ್ಯಾಂಕ್ ಮುಟ್ಟಬೇಡಿ. ಟ್ರ್ಯಾಕ್ಟರ್ ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ಸೇರುವ ಜಾಗ) ಹತ್ತಿರ ಬಿಡಿಸಿ, ಎರಡು ಮಂದಿಗೆ ಒಂದು ದಿನದ ಕೆಲಸ. ಪ್ರೆಶರ್ ಪ್ಲೇಟ್ ಬಿಚ್ಚುವ ಮೊದಲು ಅದರ ಹೊರ ಅಂಚಿಗೆ ಡಯಲ್ ಇಟ್ಟು ಎಂಜಿನ್ ಕೈಯಲ್ಲಿ ತಿರುಗಿಸಿ ಎಷ್ಟು ಓಡುತ್ತದೆ ನೋಡಿ, ಬರೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಫ್ಲೈವೀಲ್ ಮುಖಕ್ಕೂ ಅಂಚಿಗೂ ಬೇರೆ ಬೇರೆ ನೋಡಿ. ಫ್ಲೈವೀಲ್ ಕೂರುವ ಕ್ರ್ಯಾಂಕ್ ಫ್ಲಾಂಜ್ ಮೇಲೆ ಒಂದು ಚೂರು ಕಸ ಇದ್ದರೂ ಅದು ಓರೆ ಆಗುತ್ತದೆ. ಹೊಸ ಡವೆಲ್ ಸಿಕ್ಕರೆ ಹೊಸದೇ ಹಾಕಿ, ಇಲ್ಲದಿದ್ದರೆ ಹಳೆಯದರ ದಪ್ಪ ಮೈಕ್ರೋಮೀಟರ್‌ನಲ್ಲಿ ನೋಡಿ ಹಾಕಿ. ಸಡಿಲ ಕೂತರೆ ಪಂಚ್ ಹೊಡೆದು ಬಿಗಿ ಮಾಡುವ ಕೆಲಸ ಬೇಡ.


ಗೋಕಾಕ_ಡೀಸೆಲ್:

ಇದು ನನಗೂ ಹೊಳೆದಿರಲಿಲ್ಲ. ಕ್ಲಚ್ ಒತ್ತಿದರೆ ಕ್ಲಚ್ ಕಡೆಯದು ಎಲ್ಲಾ ಬಿಟ್ಟುಹೋಗುತ್ತದೆ ಅಂತಲೇ ನಾನು ಲೆಕ್ಕ ಹಾಕಿದ್ದೆ. ಪ್ರೆಶರ್ ಪ್ಲೇಟ್ ತಿರುಗುತ್ತಲೇ ಇರುತ್ತದೆ ಅನ್ನುವುದು ಗೊತ್ತಿದ್ದರೂ ಆ ಹೊತ್ತಿಗೆ ನೆನಪಾಗಲಿಲ್ಲ. ಇನ್ನು ಮುಂದೆ ಲೇಥ್‌ನಿಂದ ಫ್ಲೈವೀಲ್ ಬಂದರೆ ಮೊದಲು ಡವೆಲ್ ಎಣಿಸುತ್ತೇನೆ.


ಬೈಲಹೊಂಗಲ_ಕಬ್ಬು:

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ತಡ ಆಯಿತು, ಕ್ಷಮಿಸಿ. ನಮ್ಮ ಅಂಗಳದಲ್ಲೇ ಟ್ರ್ಯಾಕ್ಟರ್ ಎರಡು ಭಾಗ ಮಾಡಿದೆವು. ಕೆಳಗೆ ಮರದ ದಿಮ್ಮಿ, ಪಕ್ಕದ ಮನೆ ಕಾಕಾನ ಜ್ಯಾಕ್, ಬೆಳಗಾವಿಯಿಂದ ಮಾವನ ಮಗ ಡಯಲ್ ಮತ್ತು ಮ್ಯಾಗ್ನೆಟ್ ಸ್ಟ್ಯಾಂಡ್ ತಂದಿದ್ದ.

ಪ್ರೆಶರ್ ಪ್ಲೇಟ್ ಅಂಚಿಗೆ ಡಯಲ್ ಇಟ್ಟು ಮುಂದಿನ ಪುಲ್ಲಿ ನಟ್‌ಗೆ ಪಾನಾ ಹಾಕಿ ಮೆಲ್ಲಗೆ ತಿರುಗಿಸಿದೆವು. ಮುಳ್ಳು 90 ಗೆರೆ ಓಡಿತು, ಅಂದರೆ 0.90 ಮಿ.ಮೀ. ಡವೆಲ್ ತೂತು ಎರಡೂ ಖಾಲಿ, ಒಳಗೆ ಲೇಥ್‌ನ ಪುಡಿ ಹಾಗೇ ಕೂತಿತ್ತು. ಮಿಸ್ತ್ರಿ ಅದನ್ನು ನೋಡಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಈ ಕೆಲಸಕ್ಕೆ ಕೂಲಿ ತಗೊಳ್ಳುವುದಿಲ್ಲ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಳೆಯದನ್ನೆಲ್ಲ ಒಂದೂ ಬಿಡದೆ ಡಬ್ಬಿಗೆ ಹಾಕಿ ಕೊಟ್ಟವರೂ ಅವರೇ.

ಫ್ಲಾಂಜ್ ಒರೆಸಿದೆವು, ಫ್ಲೈವೀಲ್ ಮುಖ 5 ಗೆರೆ ಒಳಗೇ ಇತ್ತು. ಹೊಸ ಡವೆಲ್ ಹಾಕಿ ಪ್ರೆಶರ್ ಪ್ಲೇಟ್ ಬಿಗಿದು ಮತ್ತೆ ನೋಡಿದಾಗ 90 ಇದ್ದದ್ದು 8ಕ್ಕೆ ಬಂತು. ಮೇಷ್ಟ್ರೇ, ಹಳೆಯ ಪ್ರೆಶರ್ ಪ್ಲೇಟ್ ತೂಕ ಮಾಡಿದೆ, ಕವರ್ ಸೇರಿ 12 ಕೆಜಿ. ಹೊಸದೂ ಅಷ್ಟೇ ಇರಬಹುದು.

ನಿನ್ನೆ ಸಂಜೆ ಸ್ಟಾರ್ಟ್ ಮಾಡಿ 1800ಕ್ಕೆ ಇಟ್ಟೆ. ಸ್ಟೇರಿಂಗ್ ಮೇಲೆ ಅಪ್ಪ ಕೈ ಇಟ್ಟು ನೋಡಿದರು, ಮೊದಲಿನ ಹಾಗೇ ಆಯಿತಲ್ಲ ಅಂದರು. ಪೂರ್ತಿ ಶಾಂತ ಅಂತ ಹೇಳುವುದಿಲ್ಲ, 1900ರ ಹತ್ತಿರ ಸ್ವಲ್ಪ ಇದೆ.


ವಿಜಯಪುರ_ಮೇಷ್ಟ್ರು:

0.90 ಓಡಿದರೆ ಪ್ಲೇಟ್ ನಡುವಿನಿಂದ 0.45 ಮಿ.ಮೀ. ಜರುಗಿತ್ತು. 12 ಕೆಜಿಗೆ 5400 ಗ್ರಾಂ-ಮಿ.ಮೀ., ರಾಡಿನ ತಪ್ಪಿನ ಸುಮಾರು ಮೂರು ಪಟ್ಟು. 2000ದಲ್ಲಿ 24 ಕೆಜಿ ಬಲ, ಅದೂ ಎಂಜಿನ್‌ನ ಹಿಂದಿನ ತುದಿಯಲ್ಲಿ, ನಿಮ್ಮ ಸೀಟಿಗೆ ಹತ್ತಿರ. ಈಗ 8 ಗೆರೆಗೆ 480 ಮಾತ್ರ. ಉಳಿದಿರುವ ಸ್ವಲ್ಪ ನಡುಕ ಆ ರಾಡ್ ಮತ್ತು ಮೂರು ಸಿಲಿಂಡರ್‌ನ ಹುಟ್ಟುಗುಣ.


ಉದ್ಯಮಬಾಗ್_ಗ್ರೈಂಡರ್:

ಬಹಳ ಖುಷಿಯಾಯಿತು ತಮ್ಮಾ. ಈ ಸೀಸನ್ ಹೊಡೆಯಿರಿ, ಏನೂ ಆಗುವುದಿಲ್ಲ. ಸೀಸನ್ ಮುಗಿದ ಮೇಲೆ ಯಾವಾಗಾದರೂ ಹೆಡ್ಡು, ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ತೆಗೆದರೆ ಮೂರೂ ರಾಡ್ ಹೊರಗೆ ತಂದು ಕೊಡಿ. ಒಂದು ತುದಿ ದಾರಕ್ಕೆ ತೂಗಿಸಿ, ಇನ್ನೊಂದು ತುದಿ ಕಾಟಾ ಮೇಲೆ ಇಟ್ಟು, ಬಿಗ್ ಎಂಡ್ ಬೇರೆ, ಸ್ಮಾಲ್ ಎಂಡ್ ಬೇರೆ ತೂಕ ನೋಡಬೇಕು. ಹೊಸದರ ಕ್ಯಾಪ್ ಕೆಳಗೆ ತೂಕಕ್ಕೆ ಅಂತಲೇ ಬಿಟ್ಟ ದಪ್ಪ ಗಡ್ಡೆ ಇರುತ್ತದೆ, ಅಲ್ಲಿಂದ ಎಷ್ಟು ಬರುತ್ತದೋ ಅಷ್ಟೇ ತೆಗೆಯುವುದು, ರಾಡಿನ ಉದ್ದಕ್ಕೆ ಉಜ್ಜುವುದು, ಅಡ್ಡ ಗೀರು ಬೀಳಬಾರದು. ಬೋಲ್ಟ್ ಹತ್ತಿರ ಮುಟ್ಟುವ ಹಾಗಿಲ್ಲ. 34 ಗ್ರಾಂ ಪೂರ್ತಿ ಬರದಿದ್ದರೆ ಹಳೆಯ ಅಕ್ಷರದ ರಾಡ್ ಹುಡುಕೋಣ.

ಬಿಚ್ಚುವ ಮೊದಲು ರಾಡಿಗೂ ಕ್ಯಾಪಿಗೂ ನಂಬರ್ ಇದೆಯಾ ನೋಡಿ, ಇಲ್ಲದಿದ್ದರೆ ಯಾವುದು ಯಾವ ಸಿಲಿಂಡರ್, ಯಾವ ಮುಖ ಕ್ಯಾಮ್ ಕಡೆ ಅಂತ ಗುರುತು ಮಾಡಿಕೊಳ್ಳಿ.


ಬೈಲಹೊಂಗಲ_ಕಬ್ಬು:

ಆಗಲಿ ಅಣ್ಣಾ, ಏಪ್ರಿಲ್‌ನಲ್ಲಿ ತರುತ್ತೇನೆ. ಡಬ್ಬಿ ಮತ್ತೆ ಅಟ್ಟದ ಮೇಲೆ ಇಟ್ಟಿದ್ದೇನೆ, ಮೂರೂ ಹಳೆಯ ಪಿಸ್ಟನ್ ತೂಕ ಅದರ ಮುಚ್ಚಳದ ಮೇಲೆ ಪೆನ್ನಲ್ಲಿ ಬರೆದಿದ್ದೇನೆ. ಹೊಸ ಪಿಸ್ಟನ್ ತೂಕ ಯಾರೂ ನೋಡಿಲ್ಲ, ಆಗ ಅದನ್ನೂ ಜೊತೆಗೆ ನೋಡಿಕೊಡಿ.